ಎಷ್ಟು ಗಾಳಿ, ಎಷ್ಟು ತೆಳು: ಏರ್‌ಬ್ರಷ್ ಒತ್ತಡಕ್ಕಿರುವ ಎರಡು ಎಲ್ಲೆಗಳು

(ಬೆಂಗಳೂರಿನಲ್ಲಿ ಸ್ಕೇಲ್ ಮಾಡೆಲ್ ಕಟ್ಟುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಏರ್‌ಬ್ರಷ್ (ಗಾಳಿಯ ಬಲದಿಂದ ಬಣ್ಣವನ್ನು ತುಂತುರಾಗಿ ಸಿಂಪಡಿಸುವ ಸಣ್ಣ ಉಪಕರಣ) ಕೊಂಡ ಹೊಸತರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಳ್ಳಲಿ? ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: 15ರಿಂದ 20. ಈ ಸಂಖ್ಯೆ ತಪ್ಪೇನಲ್ಲ. ಆದರೆ ಅದೊಂದನ್ನೇ ನಂಬಿ ಕೂತರೆ ಒಂದು ದಿನ ರೆಕ್ಕೆಯ ಮೇಲೆ ಬಣ್ಣ ನುಣ್ಣಗೆ ಕೂರುತ್ತದೆ. ಇನ್ನೊಂದು ದಿನ ಅದೇ ಬಣ್ಣ, ಅದೇ ಒತ್ತಡ, ಆದರೂ ಮೇಲ್ಮೈ ತರಿತರಿ. ಮತ್ತೊಂದು ದಿನ ಬಣ್ಣ ನಿಂತಲ್ಲಿ ನಿಲ್ಲದೆ ಸುತ್ತಲೂ ಜೇಡನ ಕಾಲು ಚಾಚುತ್ತದೆ. ಗಾಳಿಯ ಮೀಟರಿನ ಮುಳ್ಳು ಮೂರೂ ದಿನ ಒಂದೇ ಕಡೆ ಇತ್ತು. ಹಾಗಾದರೆ ಬದಲಾಗಿದ್ದು ಏನು?

ಒತ್ತಡ ಎನ್ನುವುದು ನಾವು ಮೊದಲೇ ಆರಿಸಿಡುವ ಸಂಖ್ಯೆಯಲ್ಲ. ಅದಕ್ಕೆ ಎರಡು ಎಲ್ಲೆಗಳಿವೆ. ಕೆಳಗಿನ ಎಲ್ಲೆಯನ್ನು ಹಾಕುವುದು ಬಣ್ಣದ ಹದ: ಬಣ್ಣ ಎಷ್ಟು ಮಂದವೋ ಅದನ್ನು ಒಡೆದು ತುಂತುರು ಮಾಡಲು ಅಷ್ಟು ಗಾಳಿ ಬೇಕು. ಮೇಲಿನ ಎಲ್ಲೆಯನ್ನು ಹಾಕುವುದು ದೂರ: ಬ್ರಷ್ಷನ್ನು ಮಾಡೆಲ್‌ಗೆ ಎಷ್ಟು ಹತ್ತಿರ ತಂದಿರೋ ಗಾಳಿಯನ್ನು ಅಷ್ಟು ತಗ್ಗಿಸಬೇಕು, ಇಲ್ಲವಾದರೆ ಆಗ ತಾನೆ ಬಿದ್ದ ಹಸಿ ಬಣ್ಣವನ್ನು ಆ ಗಾಳಿಯೇ ದೂಡಿಬಿಡುತ್ತದೆ. ನಾವು ಕೆಲಸ ಮಾಡಬಹುದಾದ ಜಾಗ ಈ ಎರಡರ ನಡುವೆ ಇದೆ. ಎಷ್ಟೋ ಸಲ ಕೆಳಗಿನ ಎಲ್ಲೆ ಮೇಲಿನದಕ್ಕಿಂತಲೂ ಮೇಲೆ ಹೋಗಿ ಕೂತಿರುತ್ತದೆ. ಆಗ ಒತ್ತಡ ಹೊಂದಿಸುವ ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಸರಿಯಾದ ಒತ್ತಡ ಸಿಗುವುದಿಲ್ಲ, ಏಕೆಂದರೆ ಅಂಥದೊಂದು ಒತ್ತಡವೇ ಅಲ್ಲಿ ಇಲ್ಲ. ಆಗ ಬಣ್ಣವನ್ನು ತೆಳು ಮಾಡುವ ತಿನ್ನರ್ ಬಾಟಲಿಗೆ ಕೈ ಹಾಕಬೇಕು.

ಒಂದು ವಿಮಾನವನ್ನು ಮುಂದಿಟ್ಟುಕೊಂಡು ನೋಡೋಣ. ಎರಡನೇ ಮಹಾಯುದ್ಧದ ಜರ್ಮನಿಯ ಮೆಸ್ಸರ್‌ಶ್ಮಿಟ್ ಬಿಎಫ್ 109 ಜಿ. ಕಿಟ್ ಕಟ್ಟುವ ಹೆಚ್ಚಿನವರು ಒಮ್ಮೆಯಾದರೂ ಕಟ್ಟಿರುವ ವಿಮಾನ ಇದು. ಏರ್‌ಬ್ರಷ್ ಹಿಡಿದ ಕೈಗೆ ಇದಕ್ಕಿಂತ ಕಠಿಣ ಪರೀಕ್ಷೆ ಕಡಿಮೆ. ರೆಕ್ಕೆಯ ಮೇಲ್ಭಾಗದಲ್ಲಿ ಆರ್‌ಎಲ್‌ಎಂ (ಅಂದಿನ ಜರ್ಮನ್ ವಾಯುಯಾನ ಸಚಿವಾಲಯದ ಬಣ್ಣಸಂಖ್ಯೆ) 74 ಮತ್ತು 75 ಎಂಬ ಎರಡು ಬೂದು ಬಣ್ಣಗಳು ಕೋನಕೋನವಾಗಿ ಹರಡಿರುತ್ತವೆ. ಒಡಲಿನ ಪಕ್ಕಗಳಲ್ಲಿ ಆರ್‌ಎಲ್‌ಎಂ 76 ಎಂಬ ತಿಳಿ ನೀಲಿಬೂದು. ಅದರ ಮೇಲೆ ಗಾಢ ಬಣ್ಣಗಳ ಮಚ್ಚೆಗಳು. ಆ ಮಚ್ಚೆಗಳನ್ನು ಸ್ಪ್ರೇ ಗನ್ ಹಿಡಿದು ಹೊಡೆದಿದ್ದರು, ಹಾಗಾಗಿ ಅವುಗಳ ಅಂಚು ಮೃದು. ನಾವು ಮಾಡೆಲ್ ಮೇಲೆ ತರಬೇಕಾಗಿರುವುದು ಆ ಮೃದುತ್ವವನ್ನು, ಅದೂ ಸ್ಕೇಲಿಗೆ ಇಳಿಸಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಈ ಲೆಕ್ಕವನ್ನು ಬಿಟ್ಟು ಒತ್ತಡದ ಮಾತಾಡುವುದರಲ್ಲಿ ಅರ್ಥವಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಿಜವಾದ ವಿಮಾನದಲ್ಲಿ ಒಂದು ಮಚ್ಚೆ 30 ಸೆಂ.ಮೀ. ಅಗಲ, ಅದರ ಮೃದು ಅಂಚು 10 ಸೆಂ.ಮೀ. ಎಂದಿಟ್ಟುಕೊಳ್ಳಿ. 1/48 ಸ್ಕೇಲಿನಲ್ಲಿ ಮಚ್ಚೆ 6 ಮಿ.ಮೀ.ಗಿಂತ ಕೊಂಚ ಹೆಚ್ಚು, ಅಂಚು ಸುಮಾರು 2 ಮಿ.ಮೀ. 1/72ರಲ್ಲಿ ಮಚ್ಚೆ 4 ಮಿ.ಮೀ., ಅಂಚು 1.4 ಮಿ.ಮೀ. ಅಷ್ಟೆ. ಸುಮಾರು ಒಂಬತ್ತು ಮೀಟರ್ ಉದ್ದದ ಈ ವಿಮಾನ 1/72ರಲ್ಲಿ ಹನ್ನೆರಡೂವರೆ ಸೆಂ.ಮೀ.ಗೆ ಇಳಿಯುತ್ತದೆ. ಅದರ ಪಕ್ಕದಲ್ಲಿ ಒಂದೂವರೆ ಮಿ.ಮೀ. ಬದಲು ನಾಲ್ಕು ಮಿ.ಮೀ. ಮಬ್ಬು ಅಂಚು ಬಂತೆಂದರೆ ಅದು ಮಚ್ಚೆಯಾಗಿ ಉಳಿಯುವುದಿಲ್ಲ, ಹೊಗೆ ಹಿಡಿದಂತೆ ಕಾಣುತ್ತದೆ.

ಏರ್‌ಬ್ರಷ್ಷಿನ ತುಂತುರು ಶಂಕುವಿನ ಆಕಾರದಲ್ಲಿ ಹರಡುತ್ತಾ ಹೋಗುತ್ತದೆ. 10–12 ಸೆಂ.ಮೀ. ದೂರದಿಂದ ಹೊಡೆದರೆ ಬೇಸ್ ಕೋಟ್‌ಗೆ (ಮೊದಲ ತಳ ಬಣ್ಣಕ್ಕೆ) ಬೇಕಾದ ಅಗಲ ಬರುತ್ತದೆ. ಒಂದೂವರೆ ಮಿ.ಮೀ. ಅಂಚು ಬೇಕಿದ್ದರೆ 2–3 ಸೆಂ.ಮೀ.ಗೆ ಬರಲೇಬೇಕು. ಅಷ್ಟು ಹತ್ತಿರದಲ್ಲಿ 20 ಪಿಎಸ್‌ಐ ಇಟ್ಟರೆ ಜೇಡನ ಕಾಲು ಖಂಡಿತ. ಹಾಗಾಗಿ 10 ಪಿಎಸ್‌ಐ ಸುತ್ತಮುತ್ತ, ಕೆಲವೊಮ್ಮೆ 8ರವರೆಗೂ ಇಳಿಯಬೇಕು. ಆದರೆ ಬೇಸ್ ಕೋಟ್‌ಗೆಂದು ಅರ್ಧಕ್ಕರ್ಧ ತಿನ್ನರ್ ಹಾಕಿ ಕಲಸಿದ ಬಣ್ಣ 10 ಪಿಎಸ್‌ಐಯಲ್ಲಿ ಸರಿಯಾಗಿ ಒಡೆಯುವುದಿಲ್ಲ, ಕಣ್ಣಿಗೆ ಕಾಣುವಷ್ಟು ದಪ್ಪ ಹನಿಗಳಾಗಿ ಬೀಳುತ್ತದೆ. ಆದ್ದರಿಂದ ಒಂದು ಪಾಲು ಬಣ್ಣಕ್ಕೆ ಎರಡು, ಮೂರು ಪಾಲು ತಿನ್ನರ್. ಸ್ಕೇಲ್ ದೂರವನ್ನು ನಿರ್ಧರಿಸಿತು, ದೂರ ಗಾಳಿಗೆ ಮಿತಿ ಹಾಕಿತು, ಆ ಗಾಳಿಗೆ ಹೊಂದುವ ಹದಕ್ಕೆ ಬಣ್ಣ ಬರಬೇಕಾಯಿತು. 1/32ರ ದೊಡ್ಡ ಕಿಟ್ ಆಗಿದ್ದರೆ ಅಂಚು 3 ಮಿ.ಮೀ. ಆಗುತ್ತಿತ್ತು, ಕೊಂಚ ದೂರ ನಿಂತು 14–15 ಪಿಎಸ್‌ಐಯಲ್ಲಿ ನೆಮ್ಮದಿಯಾಗಿ ಹೊಡೆಯಬಹುದಿತ್ತು. ವಿಮಾನ ಒಂದೇ, ಬಣ್ಣವೂ ಒಂದೇ, ಆದರೂ ಉತ್ತರ ಬೇರೆ.

ರೆಕ್ಕೆಯ ಮೇಲಿನ ಕೋನಾಕಾರದ ಬಣ್ಣದ ಅಂಚು ಇನ್ನೂ ಬಿಗಿ. ನಿಜವಾದದ್ದರಲ್ಲಿ 5 ಸೆಂ.ಮೀ. ಎಂದುಕೊಂಡರೂ 1/72ರಲ್ಲಿ 0.7 ಮಿ.ಮೀ. ಅದನ್ನು ಕೈಯಲ್ಲೇ ಹೊಡೆಯುತ್ತೇನೆಂದು ಹಟ ಹಿಡಿಯಬೇಡಿ, ಬಣ್ಣ ಬೀಳಬಾರದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ ಮುಚ್ಚಿಕೊಳ್ಳಿ.

ಈಗ ಹನಿಯೊಳಗೆ ಏನು ನಡೆಯುತ್ತದೆ ನೋಡೋಣ. ನಾಜಲ್ (ಬಣ್ಣ ಹೊರಬರುವ ಸಣ್ಣ ಬಾಯಿ) ಸುತ್ತಲಿನ ಸಣ್ಣ ಉಂಗುರದಂಥ ಸಂದಿಯಿಂದ ಗಾಳಿ ರಭಸವಾಗಿ ಹೊರಗೆ ನುಗ್ಗುತ್ತದೆ. ಆ ರಭಸಕ್ಕೆ ಸೂಜಿಯ ತುದಿಯ ಹತ್ತಿರ ಒತ್ತಡ ಕುಸಿದು ಬಣ್ಣ ಹೊರಗೆ ಬರುತ್ತದೆ. ಬಂದ ಬಣ್ಣವನ್ನು ಗಾಳಿ ಹರಿದು ಹನಿ ಮಾಡುತ್ತದೆ. ಹನಿಯಾಗದಂತೆ ತಡೆಯುವ ಎರಡು ಶಕ್ತಿಗಳಿವೆ, ಒಂದು ಬಣ್ಣದ ಮೇಲ್ಮೈ ಎಳೆತ, ಇನ್ನೊಂದು ಅದರ ಸ್ನಿಗ್ಧತೆ, ಅಂದರೆ ಮಂದತನ. ತಿನ್ನರ್ ಹಾಕಿದಾಗ ಸ್ನಿಗ್ಧತೆ ಇಳಿಯುತ್ತದೆ. ಆಲ್ಕೋಹಾಲ್ ಇರುವ ತಿನ್ನರ್ ಆದರೆ ಮೇಲ್ಮೈ ಎಳೆತವೂ ಇಳಿಯುತ್ತದೆ. ಟಮಿಯಾ ಎಂಬ ಕಂಪನಿಯ ಆಕ್ರಿಲಿಕ್ ಬಣ್ಣಕ್ಕೆ ಬರೀ ನೀರು ಹಾಕಿದವರಿಗೂ ಕಂಪನಿಯ ಎಕ್ಸ್-20ಎ ತಿನ್ನರ್ ಹಾಕಿದವರಿಗೂ ಸಿಗುವ ಫಲದಲ್ಲಿ ವ್ಯತ್ಯಾಸ ಇರುವುದು ಇದರಿಂದಲೇ. ನೀರು ಸೇರಿದ ಬಣ್ಣ ಪ್ಲಾಸ್ಟಿಕ್ ಮೇಲೆ ಹರಡದೆ ಹನಿಹನಿಯಾಗಿ ಮುದುಡಿಕೊಳ್ಳುತ್ತದೆ.

ಒತ್ತಡ ಹೆಚ್ಚಿಸಿದರೆ ಹನಿ ಸಣ್ಣದಾಗುತ್ತದೆ. ಅಷ್ಟೇ ಆಗಿದ್ದರೆ ನಾವೆಲ್ಲ 40 ಪಿಎಸ್‌ಐಯಲ್ಲೇ ಹೊಡೆಯಬಹುದಿತ್ತು. ಆದರೆ ಹನಿ ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಒಣಗುವುದು ಬೇಗ. ತೀರಾ ಸಣ್ಣ ಹನಿ ಮಾಡೆಲ್ ಮುಟ್ಟುವ ಹೊತ್ತಿಗೆ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ. ಬೆರಳಾಡಿಸಿದರೆ ಒರಟು, ಮ್ಯಾಟ್ ಬಣ್ಣವಾದರೆ ಸುಣ್ಣದ ಪುಡಿ ಉದುರಿದ ಹಾಗೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಗಾಳಿಯ ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುವ ಕಾಲದಲ್ಲಿ ಈ ಕಷ್ಟ ಹೆಚ್ಚು. ಮೊದಲು ಕೇಳಿದೆನಲ್ಲ, ಮೀಟರಿನ ಮುಳ್ಳು ಅಲ್ಲೇ ಇದ್ದರೂ ಬದಲಾಗಿದ್ದು ಏನು ಎಂದು. ಬಹಳಷ್ಟು ಸಲ ಬದಲಾಗಿರುವುದು ಹವೆ. ಒಣ ದಿನದಲ್ಲಿ ಒತ್ತಡ ಎರಡು ಪಿಎಸ್‌ಐ ತಗ್ಗಿಸಿ, ಕೊಂಚ ಹತ್ತಿರ ಬನ್ನಿ, ತಿನ್ನರಿನಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಸಿ. ಟಮಿಯಾ ಆಕ್ರಿಲಿಕ್‌ಗೆ ನಾನು ಹಾಕುವುದು ಮಿಸ್ಟರ್ ಕಲರ್ ಲೆವೆಲಿಂಗ್ ತಿನ್ನರ್. ಅದರಲ್ಲಿ ರಿಟಾರ್ಡರ್ ಮೊದಲೇ ಇರುತ್ತದೆ. ಬಣ್ಣ ಬಿದ್ದ ಮೇಲೆ ಒಂದಿಷ್ಟು ಹೊತ್ತು ಹಸಿಯಾಗಿದ್ದು ತಾನಾಗಿಯೇ ಸಮತಟ್ಟಾಗುತ್ತದೆ. ಈ ಜೋಡಿಗಿಂತ ಸಲೀಸಾಗಿ ಹೊಡೆಯಬಹುದಾದದ್ದು ನನ್ನ ಮಟ್ಟಿಗೆ ಬೇರೆ ಇಲ್ಲ.

ಆದರೆ ಇದೇ ತಿನ್ನರನ್ನು ವಯೇಹೊ ಎಂಬ ಕಂಪನಿಯ ಬಣ್ಣಕ್ಕೆ ಹಾಕಬೇಡಿ. ಬಣ್ಣಗಳ ಜಾತಿ ಗೊತ್ತಿಲ್ಲದೆ ತೆಳು ಮಾಡಲು ಹೋಗಬಾರದು. ಟಮಿಯಾದ್ದೂ ಆಕ್ರಿಲಿಕ್, ವಯೇಹೊದ್ದೂ ಆಕ್ರಿಲಿಕ್, ಬಾಟಲಿ ಮೇಲೆ ಹಾಗೇ ಬರೆದಿರುತ್ತದೆ. ಒಳಗಿನ ರಸಾಯನ ಮಾತ್ರ ಬೇರೆ. ಟಮಿಯಾದ್ದು ಆಲ್ಕೋಹಾಲ್ ಮತ್ತು ಲ್ಯಾಕರ್ (ಚುರುಕು ದ್ರಾವಕದ ಬಣ್ಣ) ತಿನ್ನರ್‌ಗಳಲ್ಲಿ ಕರಗುತ್ತದೆ. ವಯೇಹೊದ್ದು ನೀರಿನಲ್ಲಿ ತೇಲುವ ಪಾಲಿಮರ್ ಕಣಗಳ ಬಣ್ಣ; ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿದರೆ ಬ್ರಷ್ಷಿನ ಬಣ್ಣದ ಬಟ್ಟಲಿನಲ್ಲೇ ಗಟ್ಟಿ ಲೋಳೆಯಾಗುತ್ತದೆ. ಆಮೇಲೆ ಬ್ರಷ್ ಬಿಚ್ಚಿ ತೊಳೆಯುವುದರಲ್ಲೇ ಸಂಜೆ ಮುಗಿಯುತ್ತದೆ. ಇಂಥ ಬಣ್ಣಕ್ಕೆ ಅದರದೇ ತಿನ್ನರ್, ಜೊತೆಗೆ ಸೂಜಿ ತುದಿಯಲ್ಲಿ ಒಣಗದಂತೆ ಕೆಲವು ಹನಿ ಫ್ಲೋ ಇಂಪ್ರೂವರ್. ಇದರ ಕೆಳಗಿನ ಎಲ್ಲೆ ಕೊಂಚ ಮೇಲಿರುತ್ತದೆ. ಟಮಿಯಾ 12 ಪಿಎಸ್‌ಐಯಲ್ಲಿ ಮಾಡುವ ಕೆಲಸಕ್ಕೆ ಇದು 16–18 ಕೇಳುತ್ತದೆ. ನೀರಿನ ಆಕ್ರಿಲಿಕ್‌ನಲ್ಲಿ 1/72ರ ಮಚ್ಚೆ ಹೊಡೆಯುವುದು ಕಷ್ಟ ಎಂದು ಅನುಭವಸ್ಥರು ಹೇಳುವುದು ಇದಕ್ಕೇ: ಎರಡು ಎಲ್ಲೆಗಳ ನಡುವೆ ಉಳಿಯುವ ಜಾಗ ಕಿರಿದು.

ಮಿಸ್ಟರ್ ಕಲರ್‌ನಂಥ ಲ್ಯಾಕರ್‌ಗಳಲ್ಲಿ ಆ ಜಾಗ ಬಹಳ ಅಗಲ. ಒಂದಕ್ಕೆ ಒಂದರಿಂದ ಹಿಡಿದು ಒಂದಕ್ಕೆ ಮೂರು, ನಾಲ್ಕರವರೆಗೆ ತೆಳು ಮಾಡಿದರೂ ಬಣ್ಣ ಕೈಬಿಡುವುದಿಲ್ಲ. ಅದರ ಆವಿ ಮಾತ್ರ ಕೆಟ್ಟದ್ದು. ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮುಖಕವಚ, ಹೊರಗೆ ಗಾಳಿ ದಬ್ಬುವ ಸ್ಪ್ರೇ ಬೂತ್, ಎರಡೂ ಇಲ್ಲದೆ ಲ್ಯಾಕರ್ ಮುಟ್ಟಬೇಡಿ. ಬಟ್ಟೆಯ ಮಾಸ್ಕ್, ಆಸ್ಪತ್ರೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ನೀರಿನ ಬಣ್ಣವಾದರೂ ಸೂಕ್ಷ್ಮ ಹನಿಗಳು ಶ್ವಾಸಕೋಶಕ್ಕೆ ಇಳಿಯುತ್ತವೆ, ಆದ್ದರಿಂದ ಆಗಲೂ ಕವಚ ಬೇಕು. ಮನೆಯಲ್ಲಿ ಮಕ್ಕಳಿರುವವರು ಈ ಮಾತನ್ನು ಎರಡು ಸಲ ಕೇಳಿಸಿಕೊಳ್ಳಿ.

ತಿನ್ನರ್ ಎಷ್ಟು ಹಾಕಬೇಕು ಎಂದಾಗ ಎಲ್ಲರೂ ಹೇಳುವುದು ಹಾಲಿನ ಹದ. ಇದು ಒಳ್ಳೆಯ ಮಾತೇ. ಹಾಲಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಎರಡರಷ್ಟು, ಅಂದರೆ ನೀರಿಗೆ ಬಹಳ ಹತ್ತಿರ. ಹೊಸಬರು ಹಾಲು ಎಂದು ಊಹಿಸಿಕೊಳ್ಳುವುದು ಅದಕ್ಕಿಂತ ತುಂಬ ಮಂದವಾದದ್ದನ್ನು. ಬೇಸ್ ಕೋಟ್‌ಗೆ ಹಾಲಿನ ಹದ ಸರಿ, ಮಚ್ಚೆಗೆ ಅದಕ್ಕಿಂತಲೂ ತೆಳು ಬೇಕು. ಒಂದಕ್ಕೆ ಒಂದು, ಒಂದಕ್ಕೆ ಎರಡು ಎನ್ನುವ ಅನುಪಾತಗಳೂ ಶುರುಮಾಡಲು ಮಾತ್ರ. ಟಮಿಯಾದ 10 ಮಿ.ಲೀ. ಬಾಟಲಿ ತೆರೆದು ಎರಡು ವರ್ಷವಾಗಿದ್ದರೆ ಅದರೊಳಗಿನ ದ್ರಾವಕ ಎಷ್ಟೋ ಹಾರಿಹೋಗಿ ಬಣ್ಣ ಮಂದವಾಗಿರುತ್ತದೆ. ಹೊಸ ಬಾಟಲಿಗೆ ಹೊಂದಿದ ಅನುಪಾತ ಅದಕ್ಕೆ ಹೊಂದುವುದಿಲ್ಲ. ಹಾಗಾಗಿ ಅನುಪಾತಕ್ಕಿಂತ ಕಣ್ಣನ್ನು ನಂಬಿ. ಸಣ್ಣ ಪ್ಲಾಸ್ಟಿಕ್ ಬಟ್ಟಲಲ್ಲಿ ಕಲಸಿ, ಕಡ್ಡಿಯಿಂದ ಬಣ್ಣವನ್ನು ಬಟ್ಟಲಿನ ಗೋಡೆಗೆ ಎಳೆಯಿರಿ. ಅದು ತಡವರಿಸದೆ ಕೆಳಗಿಳಿದು, ಹಿಂದೆ ಅರೆಪಾರದರ್ಶಕ ಪೊರೆಯೊಂದನ್ನು ಬಿಟ್ಟರೆ ಬೇಸ್ ಕೋಟ್‌ಗೆ ಸಿದ್ಧ. ಪೊರೆಯೇ ಉಳಿಯದೆ ಪೂರ್ತಿ ಜಾರಿದರೆ ಅತಿ ತೆಳು. ಇಳಿಯಲು ಯೋಚಿಸಿದರೆ ಇನ್ನೂ ಮಂದ.

ಬಣ್ಣದ ಹದವಾದ ಮೇಲೆ ಗಾಳಿ. ಒಂದು ಬಿಳಿ ಪ್ಲಾಸ್ಟಿಕ್ ಚಮಚಕ್ಕೆ, ಮಾಡೆಲ್‌ಗೆ ಹಾಕಿದ ಪ್ರೈಮರನ್ನೇ ಹಾಕಿಟ್ಟುಕೊಳ್ಳಿ. ಮಾಡೆಲ್ ಮೇಲೆ ಯಾವ ದೂರದಿಂದ ಹೊಡೆಯುವಿರೋ ಅದೇ ದೂರದಲ್ಲಿ ಚಮಚಕ್ಕೆ 20 ಪಿಎಸ್‌ಐಯಿಂದ ಶುರುಮಾಡಿ, ಎರಡೆರಡು ಪಿಎಸ್‌ಐ ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ತುಂತುರು ಒಡೆದು ಬಿಡಿಬಿಡಿ ಚುಕ್ಕೆ ಕಾಣಿಸುತ್ತದೆ. ಅದು ಆ ದಿನದ, ಆ ಬಣ್ಣದ ಕೆಳಗಿನ ಎಲ್ಲೆ. ಅಲ್ಲಿಂದ ಎರಡು ಮೂರು ಪಿಎಸ್‌ಐ ಮೇಲಕ್ಕೆ ಹೋಗಿ ನಿಲ್ಲಿ. ಅಲ್ಲಿ ನಿಂತಾಗ ಜೇಡನ ಕಾಲು ಬರುತ್ತಿದ್ದರೆ ಒತ್ತಡ ಕಮ್ಮಿ ಮಾಡಲು ಜಾಗವಿಲ್ಲ. ಟ್ರಿಗರ್ ಹಿಂದಕ್ಕೆ ಎಳೆಯುವುದನ್ನು ಕಮ್ಮಿ ಮಾಡಬೇಕು, ಅಂದರೆ ಬಣ್ಣ ಕಮ್ಮಿ ಬಿಡಬೇಕು, ಅಥವಾ ಒಂದು ಸೆಂ.ಮೀ. ಹಿಂದೆ ಸರಿಯಬೇಕು. ಈ ಕೆಲಸಕ್ಕೆ ಐದು ನಿಮಿಷ ಸಾಕು. ಪ್ರತಿ ಸಲ ಮಾಡಿ.

ಮೀಟರ್ ಓದುವ ಬಗ್ಗೆಯೂ ಹೇಳಿಬಿಡಬೇಕು. ಟ್ರಿಗರ್ ಒತ್ತದೆ ಇದ್ದಾಗ ಮುಳ್ಳು 20 ತೋರಿಸುತ್ತಿರಬಹುದು, ಒತ್ತಿದೊಡನೆ 15ಕ್ಕೆ ಇಳಿಯಬಹುದು. ಬ್ರಷ್ ಕೆಲಸ ಮಾಡುವುದು ಆ 15ರಲ್ಲಿ. ಇಬ್ಬರು ಗೆಳೆಯರು ಒಂದೇ ಬಣ್ಣಕ್ಕೆ ಬೇರೆಬೇರೆ ಒತ್ತಡ ಹೇಳಿಕೊಂಡು ವಾದ ಮಾಡುವಾಗ, ಒಬ್ಬರು ನಿಂತ ಗಾಳಿಯ ಅಂಕಿ ಹೇಳುತ್ತಿರುತ್ತಾರೆ, ಇನ್ನೊಬ್ಬರು ಹರಿಯುವ ಗಾಳಿಯದು. ಯಾವಾಗಲೂ ಗಾಳಿ ಬಿಟ್ಟುಕೊಂಡೇ ರೆಗ್ಯುಲೇಟರ್ ತಿರುಗಿಸಿ. ಮೀಟರಿನಲ್ಲಿ ಬಾರ್ ಮಾತ್ರ ಇದ್ದರೆ 1 ಬಾರ್ ಎಂದರೆ ಹದಿನಾಲ್ಕೂವರೆ ಪಿಎಸ್‌ಐ.

ನಾಜಲ್ ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 0.2 ಮಿ.ಮೀ.ಯ ರಂಧ್ರಕ್ಕಿಂತ 0.3ರ ರಂಧ್ರದ ವಿಸ್ತೀರ್ಣ ಎರಡೂಕಾಲು ಪಟ್ಟು. ಅದರಿಂದ 0.2 ಹಾಕಿದರೆ ಬಣ್ಣ ಇನ್ನೂ ತೆಳುವಾಗಿರಬೇಕು. ಮ್ಯಾಟ್ ಬಣ್ಣಗಳಲ್ಲಿ ಹೊಳಪು ಕೊಲ್ಲಲು ಹಾಕುವ ಪುಡಿ ಇರುವುದರಿಂದ ಅವು ಸಣ್ಣ ನಾಜಲನ್ನು ಬೇಗ ಕಟ್ಟಿಸುತ್ತವೆ. ಒಂದೇ ಬ್ರಷ್ ಕೊಳ್ಳುವುದಾದರೆ 0.3 ಕೊಳ್ಳಿ, ನಾನು ಹೇಳಿದ ಮಚ್ಚೆಯೂ ಅದರಲ್ಲಿ ಬರುತ್ತದೆ.

ಮಚ್ಚೆ ಹೊಡೆಯುವಾಗ ತಾಳ್ಮೆ ಬೇಕು. ಇಷ್ಟು ತೆಳುವಾದ ಬಣ್ಣ ಒಂದೇ ಸಲಕ್ಕೆ ಮುಚ್ಚುವುದಿಲ್ಲ, ಮುಚ್ಚಬಾರದು ಕೂಡ. ಮೊದಲು ಗಾಳಿ, ಆಮೇಲೆ ಟ್ರಿಗರನ್ನು ಕೂದಲೆಳೆಯಷ್ಟು ಹಿಂದಕ್ಕೆ. ಸಣ್ಣ ಸುರುಳಿಯಲ್ಲಿ ಕೈಯಾಡಿಸಿ ಮುಂದಿನ ಮಚ್ಚೆಗೆ ಹೋಗಿ. ಇಡೀ ಒಡಲಿಗೆ ಒಂದು ಸುತ್ತು ಮುಗಿಸಿ ಮೊದಲಿನದಕ್ಕೆ ಬರುವ ಹೊತ್ತಿಗೆ ಅದು ಒಣಗಿರುತ್ತದೆ, ಎರಡನೇ ಪದರ ಹಾಕಬಹುದು. ಮೂರು ನಾಲ್ಕು ಸುತ್ತಿನಲ್ಲಿ ಬಣ್ಣ ನಡುವೆ ಗಾಢವಾಗಿ, ಅಂಚಿನಲ್ಲಿ ತಿಳಿಯಾಗಿ ನಿಲ್ಲುತ್ತದೆ. ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಅಂಟಿಕೊಳ್ಳುತ್ತಿರುತ್ತದೆ, ತಿನ್ನರ್ ಅದ್ದಿದ ಮೃದು ಕುಂಚದಿಂದ ಆಗಾಗ ಒರೆಸಿ. ಒರೆಸದೆ ಬಿಟ್ಟರೆ ಅದು ಒಮ್ಮೆಲೇ ಬಿಡಿಸಿಕೊಂಡು ತಿಳಿ ನೀಲಿಯ ಮೇಲೆ ದೊಡ್ಡ ಹನಿಯಾಗಿ ಸಿಡಿಯುತ್ತದೆ.

ಇನ್ನೊಂದು ತುದಿಯ ಉದಾಹರಣೆ ನಮ್ಮದೇ ಮಿಗ್-21. 2025ರ ಸೆಪ್ಟೆಂಬರಿನಲ್ಲಿ ಭಾರತೀಯ ವಾಯುಪಡೆಯಿಂದ ನಿವೃತ್ತವಾದ ಈ ವಿಮಾನದ ಎಫ್‌ಎಲ್ ಮಾದರಿ 1960ರ ದಶಕದಲ್ಲಿ ಬಣ್ಣವಿಲ್ಲದ ಬರೀ ಲೋಹದ ಮೈಯಲ್ಲಿ ಹಾರುತ್ತಿತ್ತು. 1971ರ ಯುದ್ಧದ ಹೊತ್ತಿಗೆ ಕೆಲವಕ್ಕೆ ಅವಸರದಲ್ಲಿ ಮರೆಮಾಚುವ ಬಣ್ಣ ಬಳಿದರು. ಆ ಲೋಹದ ಮೈಯನ್ನು ತರಬೇಕಾದರೆ ಆಲ್‌ಕ್ಲ್ಯಾಡ್‌ನಂಥ ಲೋಹದ ಲ್ಯಾಕರ್ ಬೇಕು. ಅದು ಬಾಟಲಿಯಲ್ಲೇ ನೀರಿನಷ್ಟು ತೆಳುವಾಗಿ ಬರುತ್ತದೆ, ಒಂದು ಹನಿ ತಿನ್ನರೂ ಬೇಡ. ಕೆಳಗಿನ ಎಲ್ಲೆ ತಳದಲ್ಲೇ ಇದೆ ಎಂದಾಯಿತು. ಮೇಲಿನದೂ ಹತ್ತಿರದಲ್ಲೇ ಇದೆ, ಏಕೆಂದರೆ ಇಷ್ಟು ತೆಳು ದ್ರವ ಸ್ವಲ್ಪ ಹೆಚ್ಚು ಬಿದ್ದರೂ ಹರಿದುಹೋಗುತ್ತದೆ. 12ರಿಂದ 15 ಪಿಎಸ್‌ಐ, 5–7 ಸೆಂ.ಮೀ. ದೂರ, ಬಹಳ ತೆಳುವಾದ ಪದರಗಳು. ಅಲ್ಯೂಮಿನಿಯಂ ಕಣಗಳು ಮಟ್ಟಸವಾಗಿ ಮಲಗಿದಾಗಲೇ ಹೊಳಪು ಬರುವುದು. ಹೆಚ್ಚು ಗಾಳಿಯಲ್ಲಿ ಅವು ಒಣಗಿ ಅಡ್ಡಾದಿಡ್ಡಿ ನಿಂತರೆ ಬೂದಿ ಬಣ್ಣವಷ್ಟೇ ಉಳಿಯುತ್ತದೆ. ಹೊಳೆಯುವ ಛಾಯೆಗಳಿಗೆ ಕೆಳಗಿನ ಹೊಳಪಿನ ಕಪ್ಪು ಬಣ್ಣದ ಪದರ ಕನ್ನಡಿಯಷ್ಟು ನುಣುಪಾಗಿರಬೇಕು. ಆ ಕಪ್ಪನ್ನು ಹೊಡೆಯುವುದು 18–20 ಪಿಎಸ್‌ಐಯಲ್ಲಿ, ಕೊನೆಯ ಪದರ ಧಾರಾಳವಾಗಿ ಒದ್ದೆಯಾಗಿ.

ಕೊನೆಯದಾಗಿ ನೀರು. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಬಂದವರು ಇಲ್ಲಿದ್ದೀರಿ, ಇದು ನಿಮಗೇ ಹೇಳಬೇಕಾದದ್ದು. ನಮ್ಮ ಸಣ್ಣ ಕಂಪ್ರೆಸರ್‌ಗಳು ಸಾಮಾನ್ಯವಾಗಿ ಟ್ಯಾಂಕಿನಲ್ಲಿ 3ರಿಂದ 4 ಬಾರ್ ತುಂಬುತ್ತವೆ. 3 ಬಾರ್ ಮೀಟರ್ ಒತ್ತಡ ಎಂದರೆ ಗಾಳಿಯನ್ನು ನಾಲ್ಕನೇ ಒಂದು ಭಾಗಕ್ಕೆ ಒತ್ತಿದಂತೆ. ನೀರಾವಿಯೂ ಅದರ ಜೊತೆಗೇ ಒತ್ತಿಕೊಳ್ಳುತ್ತದೆ. ಗಾಳಿ ತಣ್ಣಗಾದಾಗ ಹೊರಗಿನ ತೇವಾಂಶ ಶೇ. 25ಕ್ಕಿಂತ ಹೆಚ್ಚಿದ್ದರೆ ಸಾಕು, ಒಳಗೆ ನೀರು ಕಟ್ಟತೊಡಗುತ್ತದೆ. ಜುಲೈ ತಿಂಗಳ ಕರಾವಳಿಯಲ್ಲಿ 27 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 90 ಎಂದು ಲೆಕ್ಕ ಹಾಕಿ: ಒಳಗೆಳೆದ ಪ್ರತಿ ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ನೀರು. ನಿಮಿಷಕ್ಕೆ 20 ಲೀಟರ್ ಎಳೆಯುವ ಕಂಪ್ರೆಸರ್ 50 ನಿಮಿಷ ಓಡಿದರೆ ಒಂದು ಘನ ಮೀಟರ್ ಆಗುತ್ತದೆ. ಒಂದು ಸಂಜೆಯ ಕೆಲಸದಲ್ಲಿ ಒಂದು ದೊಡ್ಡ ಚಮಚದಷ್ಟು ನೀರು ಎಲ್ಲೋ ಒಂದು ಕಡೆ ಸೇರಲೇಬೇಕು. ಟ್ಯಾಂಕ್ ಇದ್ದರೆ ಅದರ ತಳದಲ್ಲಿ ಸೇರುತ್ತದೆ, ಕೆಳಗಿನ ತಿರುಪು ಬಿಚ್ಚಿ ದಿನವೂ ಹೊರಹಾಕಿ. ಟ್ಯಾಂಕ್ ಇಲ್ಲದಿದ್ದರೆ ಬಿಸಿ ಗಾಳಿ ಪೈಪಿಗೆ ಬಂದು ಅಲ್ಲಿ ತಣಿಯುತ್ತದೆ, ಕಂಪ್ರೆಸರ್ ಪಕ್ಕದಲ್ಲೇ ಕೂರಿಸಿದ ವಾಟರ್ ಟ್ರ್ಯಾಪ್ ಅದನ್ನು ಹಿಡಿಯಲಾರದು. ಬ್ರಷ್ಷಿನ ಹತ್ತಿರ ಇನ್ನೊಂದು ಸಣ್ಣ ಟ್ರ್ಯಾಪ್ ಹಾಕಿಕೊಳ್ಳಬೇಕು.

ಮಳೆಗಾಲದ ಇನ್ನೊಂದು ಕಾಟ, ಲ್ಯಾಕರ್ ಮೇಲೆ ಬಿಳಿ ಮಬ್ಬು ಕಟ್ಟುವುದು. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣಿಯುತ್ತದೆ, ಸುತ್ತಲಿನ ಗಾಳಿಯ ನೀರು ಅಲ್ಲಿ ಇಬ್ಬನಿಯಾಗಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಒತ್ತಡ ಹೆಚ್ಚು ಮಾಡಿದರೆ ಆವಿಯಾಗುವುದು ಇನ್ನೂ ಬೇಗ, ಮಬ್ಬು ಇನ್ನೂ ಹೆಚ್ಚು. ನಿಧಾನವಾಗಿ ಒಣಗುವ ತಿನ್ನರ್ ಬಳಸುವುದು ಮೊದಲ ಪರಿಹಾರ. ಮಬ್ಬು ಬಂದೇಬಿಟ್ಟರೆ ತಿದ್ದಿ ಉಜ್ಜಲು ಹೋಗಬೇಡಿ, ಬರೀ ಲೆವೆಲಿಂಗ್ ತಿನ್ನರನ್ನು ಹಗುರವಾಗಿ ಮೇಲೆ ಸಿಂಪಡಿಸಿದರೆ ಪದರ ಮತ್ತೆ ಮೆತ್ತಗಾಗಿ ನೀರನ್ನು ಬಿಟ್ಟುಕೊಡುತ್ತದೆ. ತೇವಾಂಶ ಶೇ. 85 ದಾಟಿದ ದಿನ ಹೊಳಪಿನ ಬಣ್ಣ ಹೊಡೆಯದೆ ಬೇರೆ ಕೆಲಸ ಮಾಡುವುದೇ ಒಳ್ಳೆಯದು. ಕಾಕ್‌ಪಿಟ್ ಕಟ್ಟಬಹುದು, ಚಕ್ರಗಳ ಗೆರೆ ಉಜ್ಜಬಹುದು.

ಇನ್ನು ಸಭಿಕರ ಪ್ರಶ್ನೆಗಳು.

ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣದ) ತಿನ್ನರ್ ಅಗ್ಗ, ಅದನ್ನೇ ಬಣ್ಣಕ್ಕೆ ಹಾಕಬಹುದೇ ಎಂದು ಒಬ್ಬರು ಕೇಳಿದರು. ಬ್ರಷ್ ತೊಳೆಯಲು ಅದು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಬಣ್ಣಕ್ಕೆ ಬೆರೆಸಲು ಬೇಡ. ಡಬ್ಬಿಯಿಂದ ಡಬ್ಬಿಗೆ ಅದರ ಮಿಶ್ರಣ ಬದಲಾಗುತ್ತದೆ, ಕೆಲವು ಪಾಲಿಸ್ಟೈರೀನ್ ಪ್ಲಾಸ್ಟಿಕನ್ನೇ ಕರಗಿಸುವಷ್ಟು ಚುರುಕು. ನೂರಾರು ಗಂಟೆ ಕೂತು ಕಟ್ಟಿದ ಕಿಟ್‌ನ ಪ್ಯಾನೆಲ್ ಗೆರೆಗಳನ್ನು ಆ ಉಳಿತಾಯಕ್ಕೆ ಒಡ್ಡಬಾರದು.

ಇನ್ನೊಬ್ಬರ ಬಳಿ ಇರುವುದು ಚಾರ್ಜ್ ಮಾಡಿ ಬಳಸುವ ಸಣ್ಣ ಕಂಪ್ರೆಸರ್. ಅದರಲ್ಲಿ ಒತ್ತಡ ಬದಲಿಸಲು ಬರುವುದಿಲ್ಲ. ಅವರ ಪ್ರಶ್ನೆ ನನಗೆ ಬಹಳ ಹಿಡಿಸಿತು: ಒತ್ತಡವೇ ನನ್ನ ಕೈಯಲ್ಲಿಲ್ಲದಿದ್ದರೆ ಏನು ಮಾಡಲಿ? ಮೂರು ಸಂಗತಿಗಳಲ್ಲಿ ಒಂದು ಸ್ಥಿರವಾಯಿತು, ಉಳಿದೆರಡು ನಿಮ್ಮ ಕೈಯಲ್ಲೇ ಇವೆ. ಆ ಯಂತ್ರಗಳ ಒತ್ತಡ ಸಾಮಾನ್ಯವಾಗಿ 20 ಪಿಎಸ್‌ಐಗಿಂತ ಮೇಲೇ ಇರುತ್ತದೆ. ಆದ್ದರಿಂದ ತೀರಾ ಹತ್ತಿರದ ಮಚ್ಚೆ ಕೆಲಸ ಅದಕ್ಕೆ ಒಗ್ಗದು. 1/35ರ ಯುದ್ಧ ಟ್ಯಾಂಕುಗಳು, ಕಾರುಗಳ ಬಾಡಿ, ಬೇಸ್ ಕೋಟ್, ಪ್ರೈಮರ್ ಇವೆಲ್ಲ ಸಲೀಸು. ವಯೇಹೊ ಪ್ರೈಮರ್ ಹೇಗೂ 20ರ ಮೇಲೇ ಚೆನ್ನಾಗಿ ಒಡೆಯುವುದು. ಬ್ರಷ್ಷಿನ ಕೆಳಗೆ ಗಾಳಿ ತಗ್ಗಿಸುವ ಸಣ್ಣ ವಾಲ್ವ್ ಕೂರಿಸಲು ಜಾಗವಿದ್ದರೆ ಅದನ್ನು ಹಾಕಿಸಿ, ಹರಿವು ಕಮ್ಮಿಯಾಗಿ ಒಂದೆರಡು ಸೆಂ.ಮೀ. ಹತ್ತಿರ ಬರಲು ಆಗುತ್ತದೆ.

ಕೊನೆಯ ಪ್ರಶ್ನೆ ಹಂಬ್ರಾಲ್ ಎನಾಮೆಲ್ ಡಬ್ಬಿಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ಹಿರಿಯರೊಬ್ಬರದು. ಅವನ್ನು ಏರ್‌ಬ್ರಷ್‌ನಲ್ಲಿ ಬಳಸಬಹುದೇ? ಖಂಡಿತ ಬಳಸಬಹುದು, ಸರ್. ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತ ಬಣ್ಣವನ್ನು ಚೆನ್ನಾಗಿ ಕದಡಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ, ಎನಾಮೆಲ್ ತಿನ್ನರಿನಲ್ಲಿ ಅರ್ಧಕ್ಕರ್ಧ ತೆಳು ಮಾಡಿ. 15ರಿಂದ 18 ಪಿಎಸ್‌ಐ ಸಾಕು. ಎನಾಮೆಲ್ ನಿಧಾನವಾಗಿ ಒಣಗುವುದರಿಂದ ಸೂಜಿ ತುದಿಯಲ್ಲಿ ಕಟ್ಟಿಕೊಳ್ಳುವುದಿಲ್ಲ, ಮಾರ್ಚಿನ ಒಣಹವೆಯಲ್ಲೂ ಪುಡಿಯಾಗುವುದಿಲ್ಲ. ಆ ವಿಷಯದಲ್ಲಿ ಇಂದಿನ ಬಣ್ಣಗಳಿಗಿಂತ ಅದೇ ಸುಲಭ. ಅದೇ ಕಾರಣಕ್ಕೆ ಒಂದು ಪದರದ ಮೇಲೆ ಮಾಸ್ಕಿಂಗ್ ಟೇಪ್ ಹಾಕುವ ಮೊದಲು ಒಂದು ಪೂರ್ತಿ ದಿನ, ಮಳೆಗಾಲವಾದರೆ ಎರಡು ದಿನ, ಧೂಳು ಬೀಳದಂತೆ ಡಬ್ಬ ಮುಚ್ಚಿ ಒಣಗಲು ಬಿಡಿ.